ಪಿಸುರಾಯನ ಅರವತ್ತು ದಿನ

ನಮ್ಮ ಚಿಕ್ಕಪ್ಪ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಒಂದೇ ಒಂದು ಸಲ ಕೇಳಿದ್ದೇನೆ. ಅದನ್ನೇ ಹೇಳಲು ಹೊರಟಿದ್ದೇನೆ. ನಡುವೆ ಅಲ್ಲಲ್ಲಿ ರೇಗಿದ ಹಾಗೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ, ಆ ಸಿಟ್ಟೆಲ್ಲ ಹೆಚ್ಚುಕಮ್ಮಿ ನನ್ನ ಮೇಲೆಯೇ.

ಚಿಕ್ಕಪ್ಪ ಒಂದು ನಾಟಕ ಕಂಪನಿಯಲ್ಲಿ ಮೂವತ್ತನಾಲ್ಕು ವರ್ಷ ಪ್ರಾಂಪ್ಟರ್ ಆಗಿದ್ದ. ರಂಗದ ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಲ್ಲುವುದು, ಪಾತ್ರಧಾರಿ ಮಾತು ಮರೆತು ತಡವರಿಸಿದರೆ ಮುಂದಿನ ಎರಡು ಶಬ್ದ ಪಿಸುಗುಟ್ಟುವುದು, ಇಷ್ಟೇ ಕೆಲಸ. ಪಿಸುಗುಟ್ಟಿದ್ದು ಪಾತ್ರಧಾರಿಗೆ ಕೇಳಬೇಕು, ಮೊದಲನೇ ಸಾಲಿನಲ್ಲಿ ಕೂತವರಿಗೆ ಕೇಳಬಾರದು. ಆ ಅಳತೆ ಅವನ ಗಂಟಲಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಮನೆಯಲ್ಲೂ ಬೀದಿಯಲ್ಲೂ ಅದೇ ದನಿ. ಫೋನ್ ಮಾಡಿದರೆ ಆ ಕಡೆಯವರು "ಹಲೋ, ಹಲೋ, ಯಾರೂ ಮಾತಾಡ್ತಿಲ್ಲ" ಎಂದು ಇಟ್ಟುಬಿಡುತ್ತಿದ್ದರು. ಇಳಿಯಬೇಕು ಎಂದದ್ದು ಕಂಡಕ್ಟರಿಗೆ ಕೇಳದೆ ಎಷ್ಟೋ ಸಲ ಮುಂದಿನ ಸ್ಟಾಪಿನಿಂದ ನಡೆದು ಬಂದಿದ್ದಾನೆ. "ನಿನಗೆ ಬಾಯಿ ಅಂತ ಇರೋದು ಊಟಕ್ಕೆ ಮಾತ್ರ ಕಣೋ" ಎಂದು ನಮ್ಮಪ್ಪ ಗೇಲಿ ಮಾಡಿದರೆ ಅದಕ್ಕೂ ಒಂದು ಸಣ್ಣ ನಗು. ಮದುವೆ ಆಗಲಿಲ್ಲ. ಹೆಣ್ಣು ನೋಡೋಣ ಎಂದಾಗೆಲ್ಲ "ಸಂಜೆ ನಾಟಕ ಇದೆ" ಎನ್ನುತ್ತಿದ್ದ.

ಕಂಪನಿಯ ನಾಯಕಿ ರಾಣಿಯಮ್ಮ. ಹೆತ್ತವರು ಇಟ್ಟ ಹೆಸರು ಬೇರೆ ಇದ್ದಿರಬೇಕು, ಆದರೆ ಇಪ್ಪತ್ತಕ್ಕೂ ಹೆಚ್ಚು ನಾಟಕಗಳಲ್ಲಿ ರಾಣಿಯಾಗಿ ಮೆರೆದ ಮೇಲೆ ಎಲ್ಲರ ಬಾಯಲ್ಲೂ ರಾಣಿಯಮ್ಮನೇ. ಚಿಕ್ಕಪ್ಪನಿಗಿಂತ ಆರು ವರ್ಷಕ್ಕೆ ದೊಡ್ಡವರು. ಗಂಡ ತೀರಿಕೊಂಡ ಮೇಲೆ ನಾಟಕದ ಸಂಬಳದಲ್ಲೇ ಒಬ್ಬಳು ಮಗಳನ್ನು ಸಾಕಿದವರು. ಅವರು ಬಾಯಿ ತೆಗೆದರೆ ಹಿಂದಿನ ಬೆಂಚಿನಲ್ಲಿ ಆಕಳಿಸುತ್ತಿದ್ದವನೂ ನೆಟ್ಟಗೆ ಕೂರುತ್ತಿದ್ದ. ನೆನಪಿನ ವಿಷಯದಲ್ಲಿ ಮಾತ್ರ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಪ್ರತಿ ನಾಟಕದಲ್ಲೂ ಎರಡು ಮೂರು ಕಡೆ ತಪ್ಪದೆ ನಿಂತುಬಿಡುತ್ತಿದ್ದರು. ಮರೆಯಿಂದ ಎರಡು ಶಬ್ದ ಬರುತ್ತಿತ್ತು, ರಾಣಿ ಮುಂದೆ ಸಾಗುತ್ತಿದ್ದಳು. ಪರದೆ ಬಿದ್ದ ಮೇಲೆ ಇವನನ್ನು ನೋಡಿ, "ಏನು ಪಿಸುರಾಯರೇ, ಇವತ್ತು ನನಗಿಂತ ನಿಮ್ಮ ಮಾತೇ ಜಾಸ್ತಿ ಆಯ್ತಲ್ಲ" ಎನ್ನುತ್ತಿದ್ದರಂತೆ. ಆ ಹೆಸರು ಅವರು ಇಟ್ಟದ್ದು. ಬೇರೆ ಯಾರಾದರೂ ಹಾಗೆ ಕರೆದರೆ ಚಿಕ್ಕಪ್ಪ ಓಗೊಡುತ್ತಿರಲಿಲ್ಲ.

ಕಂಪನಿ ಮುಚ್ಚಿತು. ನಾಟಕದ ಮಂದಿರವನ್ನು ಸಭೆ ಸಮಾರಂಭಕ್ಕೆ ಬಾಡಿಗೆಗೆ ಬಿಟ್ಟರು. ರಾಣಿಯಮ್ಮ ಮಗಳ ಮನೆ ಸೇರಿದರು. ಮಗಳಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಎರಡು ಕೋಣೆಯ ಮನೆ, ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಮೊದಲು ಕೀಲಿ ಎಲ್ಲಿಟ್ಟೆ ಎಂದು ಮರೆತರು, ಆಮೇಲೆ ಗ್ಯಾಸ್ ಹಚ್ಚಿದ್ದು ಮರೆತರು, ಒಂದು ದಿನ ಮಗಳನ್ನೇ "ನೀವು ಯಾವ ಮನೆಯವರು" ಎಂದು ಕೇಳಿದರು. ಡಾಕ್ಟರು ಕಾಯಿಲೆಗೆ ಒಂದು ಹೆಸರು ಹೇಳಿ, ಇದು ಹಿಂದಕ್ಕೆ ಬರುವ ದಾರಿ ಅಲ್ಲ ಎಂದರು.

ಚಿಕ್ಕಪ್ಪ ದಿನಾ ಮಧ್ಯಾಹ್ನ ನಾಲ್ಕಕ್ಕೆ ಅಲ್ಲಿಗೆ ಹೋಗುತ್ತಿದ್ದ. ಒಂದು ದಿನ ರಾಣಿಯಮ್ಮ ನೀರಿನ ಲೋಟ ಕೈಯಲ್ಲಿ ಹಿಡಿದು, ಇದನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರಂತೆ. ಇವನಿಗೆ ಏನನ್ನಿಸಿತೋ, ಹಳೇ ನಾಟಕದ ಒಂದು ಮಾತಿನ ಮೊದಲೆರಡು ಶಬ್ದ ಪಿಸುಗುಟ್ಟಿದ: "ಬಾಗಿಲು ತೆಗೆಯಿರಿ." ರಾಣಿಯಮ್ಮ ತಲೆ ಎತ್ತಿ, ಆ ಹಳೆಯ ಗಂಟಲಿನಲ್ಲೇ, "ಬಾಗಿಲು ತೆಗೆಯಿರಿ, ನನ್ನ ಊರುಗಳು ನನ್ನನ್ನು ನೋಡಲು ಬಂದಿವೆ" ಎಂದು ಪೂರ್ತಿ ಮಾಡಿ, ನೀರು ಕುಡಿದು ಲೋಟ ಕೆಳಗಿಟ್ಟರು. ಮಗಳು ಬಾಗಿಲಲ್ಲಿ ನಿಂತು ಅತ್ತುಬಿಟ್ಟಳಂತೆ.

ಅವತ್ತಿನಿಂದ ಚಿಕ್ಕಪ್ಪನಿಗೆ ಒಂದೇ ಧ್ಯಾನ. ಕಂಪನಿಯ ನಲವತ್ತು ನಾಟಕಗಳ ಪ್ರಾಂಪ್ಟಿಂಗ್ ಪುಸ್ತಕಗಳು ಅವನ ಟ್ರಂಕಿನಲ್ಲಿದ್ದವು. ಒಂದೊಂದನ್ನೇ ತೆಗೆದುಕೊಂಡು ಹೋಗಿ, ಯಾವ ಮಾತು ಅವರೊಳಗೆ ಇನ್ನೂ ಬದುಕಿದೆ ಎಂದು ಹುಡುಕಿದ. ಬದುಕಿದ್ದ ಮಾತುಗಳನ್ನಷ್ಟೇ ಆರಿಸಿ, ಪೋಣಿಸಿ, ಒಂದು ಹೊಸ ನಾಟಕ ಮಾಡಿದ. ಒಬ್ಬ ಮುದಿ ರಾಣಿ ತನ್ನ ರಾಜ್ಯದ ಊರುಗಳ ಹೆಸರನ್ನು ಒಂದೊಂದಾಗಿ ಮರೆಯುತ್ತಾಳೆ. ಪಕ್ಕದಲ್ಲಿ ಕೂತ ಸೇವಕ ನೆನಪಿಸುತ್ತಾನೆ. ಎರಡೇ ಪಾತ್ರ. ಸೇವಕ ಇವನೇ. ಅಂದರೆ ಪ್ರಾಂಪ್ಟರ್ ರಂಗದ ಮೇಲೇ ಕೂರಬಹುದು, ಯಾರಿಗೂ ಅನುಮಾನ ಬರುವುದಿಲ್ಲ. ರಾಣಿಯಮ್ಮ ಪೂರ್ತಿ ಮರೆತುಹೋಗುವ ಮೊದಲು, ಅದೇ ಮಂದಿರದಲ್ಲಿ, ಅದೇ ದೀಪಗಳ ಕೆಳಗೆ, ಒಂದೇ ಒಂದು ಸಲ ಅವರನ್ನು ನಿಲ್ಲಿಸಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

ನಲವತ್ತೆರಡು ಪುಟದ ಹಸ್ತಪ್ರತಿ ಹಿಡಿದುಕೊಂಡು ನನ್ನ ಜೆರಾಕ್ಸ್ ಅಂಗಡಿಗೆ ಬಂದ. ಮಂದಿರದ ಬಾಡಿಗೆ, ದೀಪ, ಉಡುಪು ಎಂದು ಲೆಕ್ಕ ಹಾಕಿದರೆ ಅವನಿಗೆ ಬರುವ ಕಲಾವಿದರ ಪಿಂಚಣಿ ಎರಡು ವರ್ಷದ್ದಾದರೂ ಸಾಲದು. ಆಗ ನಾನು, ದೊಡ್ಡ ಜಾಣೆ, ಬಾಯಿ ಹಾಕಿದೆ. "ಕ್ರೌಡ್‌ಫಂಡಿಂಗ್ ಅಂತ ಇದೆ ಚಿಕ್ಕಪ್ಪ. ಇಂಟರ್ನೆಟ್‌ನಲ್ಲಿ ನಿನ್ನ ವಿಷಯ ಹಾಕೋದು, ಇಷ್ಟ ಆದವರು ಕೈಲಾದಷ್ಟು ಕೊಡ್ತಾರೆ."

"ಭಿಕ್ಷೆ ಅಲ್ವಾ ಅದು?"

"ಅಲ್ಲ. ಟಿಕೆಟ್ ಮೊದಲೇ ಮಾರಿದ ಹಾಗೆ ಅಂದ್ಕೋ."

ಆ ವೆಬ್‌ಸೈಟಿನಲ್ಲಿ 'ಎಲ್ಲರೂ ಕೇಳುವ ಪ್ರಶ್ನೆಗಳು' ಎಂದು ಒಂದು ಉದ್ದದ ಪುಟವಿತ್ತು. ಬೇರೆಯವರಾದರೆ ಕಣ್ಣಾಡಿಸಿ ಬಿಡುತ್ತಾರೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು, ನನ್ನ ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಮೂರು ದಿನ ಕೂತು, ಪ್ರಶ್ನೆ ಉತ್ತರ ಎರಡನ್ನೂ ನೋಟ್‌ಬುಕ್ಕಿಗೆ ಇಳಿಸಿದ. ಎಷ್ಟು ಕೇಳಬೇಕು ಎಂಬ ಪ್ರಶ್ನೆಗೆ, ನಿಮ್ಮ ದುಡಿಮೆಯ ಬೆಲೆಯನ್ನೂ ಸೇರಿಸಿ ಎಂದಿತ್ತು. "ನನ್ನ ಕೆಲಸ ಯಾರಿಗೂ ಕೇಳಿಸಬಾರದು ಅಂತಾನೇ ಇರೋದು. ಕೇಳಿಸದ್ದಕ್ಕೆ ಕಾಸು ಹೇಗಮ್ಮ ಕೇಳ್ಲಿ" ಎಂದು ಅಲ್ಲಿ ಸೊನ್ನೆ ಬರೆದ. ಗುರಿ ಮುಟ್ಟದಿದ್ದರೆ ಎಲ್ಲರ ಹಣ ಅವರವರಿಗೇ ವಾಪಸ್ ಎಂಬುದನ್ನು ಓದಿ ಮಾತ್ರ ಬಹಳ ಖುಷಿಪಟ್ಟ.

ಎಷ್ಟು ದಿನ ಇಡಬೇಕು ಎಂಬ ಪ್ರಶ್ನೆಯ ಹತ್ತಿರ ಜಗಳವಾಯಿತು. ಮೂವತ್ತು ದಿನ ಸಾಕು, ಹೆಚ್ಚು ಇಟ್ಟರೆ ಜನ ನಾಳೆ ಕೊಟ್ಟರಾಯಿತು ಎಂದು ಮರೆತೇಬಿಡುತ್ತಾರೆ ಎಂದು ಬರೆದಿತ್ತು. ಅರವತ್ತರವರೆಗೂ ಇಡಬಹುದಿತ್ತು.

"ಅರವತ್ತು ಹಾಕು."

"ಮೂವತ್ತು ಅಂತ ಅವರೇ ಹೇಳಿದ್ದಾರಲ್ಲ ಚಿಕ್ಕಪ್ಪ."

"ಒಂದು ತಿಂಗಳಲ್ಲಿ ಕೊಡಿ ಅಂದ್ರೆ ಜನರ ಕುತ್ತಿಗೆ ಮೇಲೆ ಕೂತ ಹಾಗೆ. ಅವಸರ ಮಾಡಿದ್ರೆ ಯಾರಿಗೂ ಮಾತು ಬರಲ್ಲ ಕಣಮ್ಮ. ಸಮಯ ಕೊಡಬೇಕು."

ನಾನು ಇನ್ನೊಂದು ಮಾತು ಹೇಳಬಹುದಿತ್ತು. ರಾಣಿಯಮ್ಮನ ಹತ್ತಿರ ಅಷ್ಟು ಸಮಯ ಇದೆಯಾ ಎಂದು ಕೇಳಬಹುದಿತ್ತು. ಆದರೆ ಅಂಗಡಿ ತುಂಬ ಜನ, ಯಾವುದೋ ಅರ್ಜಿಯ ಕೊನೇ ದಿನ, ಮೆಷಿನ್‌ನಲ್ಲಿ ಕಾಗದ ಸಿಕ್ಕಿಕೊಂಡಿತ್ತು. ಅರವತ್ತು ಎಂದು ಹೊಡೆದು ಬಟನ್ ಒತ್ತಿದೆ. ಒಮ್ಮೆ ಒತ್ತಿದರೆ ಬದಲಾಯಿಸಲು ಬರುವುದಿಲ್ಲ. ಹೊಡೆದದ್ದು ಈ ಬೆರಳು.

ವಿಡಿಯೊ ಬೇಕೇ ಬೇಕು ಎಂದಿತ್ತು. ಚಿಕ್ಕಪ್ಪ ಫೋನಿನ ಮುಂದೆ ಕೂತು ಐದು ನಿಮಿಷ ಮಾತಾಡಿದ. ಆಮೇಲೆ ಹಾಕಿ ನೋಡಿದರೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಕೊನೆಗೆ ರಾಣಿಯಮ್ಮನನ್ನೇ ಕೂರಿಸಿದೆವು. ಮಗಳು ತಲೆ ಬಾಚಿ, ಕೆಂಪು ಶಾಲು ಹೊದಿಸಿದಳು. ರಾಣಿಯಮ್ಮ ಫೋನಿನ ಕಡೆ ನೋಡಿ ನಾಟಕದ ಒಂದು ಪುಟ ಪೂರ್ತಿ ಹೇಳಿದರು. ಎರಡೇ ಕಡೆ ನಿಂತರು. ವಿಡಿಯೊದ ಅಂಚಿನಲ್ಲಿ ಚಿಕ್ಕಪ್ಪನ ಅರ್ಧ ಮುಖ ಕಾಣುತ್ತದೆ, ತುಟಿ ಅಲ್ಲಾಡುತ್ತದೆ, ಅಷ್ಟೇ. ಮುಗಿದ ಮೇಲೆ ರಾಣಿಯಮ್ಮ ನಕ್ಕು, "ಸರಿಯಾಯ್ತಾ ಪಿಸುರಾಯರೇ?" ಎನ್ನುತ್ತಾರೆ. ಆ ವಿಡಿಯೊ ನನ್ನ ಫೋನಿನಲ್ಲಿ ಈಗಲೂ ಇದೆ. ನೋಡಲು ಧೈರ್ಯವಿಲ್ಲ.

ಹಣ ಕೊಟ್ಟವರಿಗೆ ಪ್ರತಿಯಾಗಿ ಏನು ಕೊಡುತ್ತೀರಿ ಎಂಬ ಪ್ರಶ್ನೆಗೆ ಅವನು ತಡಮಾಡಲೇ ಇಲ್ಲ. ನಾಟಕ ಆದ ಮೇಲೆ ಒಬ್ಬೊಬ್ಬರಿಗೂ ತನ್ನ ಪ್ರಾಂಪ್ಟಿಂಗ್ ಪುಸ್ತಕದ ಒಂದೊಂದು ಹಾಳೆ. ಪುಟಗಳ ನಮೂನೆ ತೋರಿಸಲೆಂದು ಸ್ಕ್ಯಾನ್ ಮಾಡುವಾಗ ನೋಡಿದೆ. ರಾಣಿಯಮ್ಮ ಉಸಿರು ತೆಗೆದುಕೊಳ್ಳುವ ಕಡೆ ಒಂದು ಗೀಟು. ಮರೆಯುವ ಕಡೆ ಒಂದು ಸೊನ್ನೆ. ಕೆಲವು ಮಾತಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಹೂವು.

"ಹೂವು ಯಾಕೆ ಚಿಕ್ಕಪ್ಪ?"

"ಪೆನ್ಸಿಲ್ ಚೂಪಾಗಿದೆಯಾ ನೋಡ್ತಿದ್ದೆ" ಎಂದ.

ನಲವತ್ತು ಪುಸ್ತಕ, ಮೂವತ್ತನಾಲ್ಕು ವರ್ಷ. ಯಾವ ಮಾತನ್ನು ಅವರು ಚೆನ್ನಾಗಿ ಹೇಳಿದರೋ ಅಲ್ಲೆಲ್ಲ ಇವನು ಪೆನ್ಸಿಲ್ ಚೂಪು ನೋಡಿಕೊಂಡಿದ್ದ. ಅಯ್ಯೋ, ಇಷ್ಟು ಪ್ರೀತಿ ಇಟ್ಟುಕೊಂಡು ತುಟಿ ಪಿಟಕ್ಕೆನ್ನದೆ ಬದುಕಿದ್ದಾನಲ್ಲ ಎಂದುಕೊಂಡೆ. ಮುಂದಿನ ಹಾಳೆ ಸ್ಕ್ಯಾನರಿಗೆ ಇಟ್ಟೆ.

ಮೊದಲ ವಾರ ಹಣ ಸುಮಾರಾಗಿ ಬಂತು. ಹಳೇ ಪ್ರೇಕ್ಷಕರು, ಕಂಪನಿಯಲ್ಲಿದ್ದವರ ಮಕ್ಕಳು. ಕಾಲು ಭಾಗ ತುಂಬಿತು. ಆಮೇಲೆ ನಿಂತಿತು. ಎರಡನೇ ವಾರ ಇಲ್ಲ, ಮೂರನೇ ವಾರ ಇಲ್ಲ. ನಡುವೆ ಎಲ್ಲ ತಣ್ಣಗಾದರೆ ಏನು ಮಾಡಬೇಕು ಎಂಬ ಪ್ರಶ್ನೆಯೂ ಆ ಪುಟದಲ್ಲಿತ್ತು. ಜನರಿಗೆ ಮತ್ತೆ ಮತ್ತೆ ಬರೆಯಿರಿ, ನೆನಪಿಸಿ ಎಂದು ಉತ್ತರ. ನಾನು ಹೇಳಿ ಹೇಳಿ ಸಾಕಾದೆ. ಅವನು ಒಪ್ಪಲಿಲ್ಲ.

"ನಿಂತಿದ್ದಾರೆ ಅಂದ್ರೆ ಮರೆತಿದ್ದಾರೆ ಅಂತ ಅಲ್ಲ ಕಣಮ್ಮ. ಮಾತಿನ ನಡುವೆ ಉಸಿರು ತಗೊಳ್ತಿರ್ತಾರೆ. ಆಗ ನಾವು ಬಾಯಿ ಹಾಕಿದ್ರೆ ಕೆಟ್ಟೋಗತ್ತೆ. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ."

"ಮರೆತಿದ್ದಾರೋ ಉಸಿರು ತಗೊಳ್ತಿದ್ದಾರೋ ನಿನಗೆ ಹೇಗೆ ಗೊತ್ತಾಗತ್ತೆ?"

"ಕಣ್ಣು ನೋಡಿದ್ರೆ ಗೊತ್ತಾಗತ್ತೆ."

"ಇವರ ಕಣ್ಣು ಎಲ್ಲಿ ಕಾಣತ್ತೆ ಚಿಕ್ಕಪ್ಪ, ಕಂಪ್ಯೂಟರಲ್ಲಿ?"

ಅವನು ಸ್ಟೂಲಿನ ಮೇಲೆ ಕೂತು ಅಲ್ಲಿಯವರೆಗೆ ಬಂದ ಹಣದ ಅಂಕಿಯನ್ನೇ ನೋಡುತ್ತಿದ್ದ.

ಇತ್ತ ನಾಟಕ ಸಣ್ಣದಾಗತೊಡಗಿತು. ರಾಣಿಯಮ್ಮನ ಒಳಗೆ ಯಾವ ಮಾತು ಸತ್ತಿತೋ ಅದನ್ನು ಚಿಕ್ಕಪ್ಪ ನಾಟಕದಿಂದ ತೆಗೆಯಬೇಕಿತ್ತು. ತೆಗೆದು, ಉಳಿದದ್ದನ್ನು ಮತ್ತೆ ಹೊಲಿದು, ಪ್ರತಿ ಸೋಮವಾರ ಹೊಸ ಪ್ರತಿ ಮಾಡಿಸಲು ನನ್ನ ಹತ್ತಿರ ತರುತ್ತಿದ್ದ. ನಲವತ್ತೆರಡು ಪುಟ ಇದ್ದದ್ದು ಮೂವತ್ತಾರಾಯಿತು. ಇಪ್ಪತ್ತೆಂಟಾಯಿತು. ನಾನು ಪುಟ ಎಣಿಸಿ ದುಡ್ಡು ತೆಗೆದುಕೊಳ್ಳುವ ಕಸುಬಿನವಳು. ಎಣಿಸದಿರೋಣ ಎಂದರೂ ಬೆರಳು ತಾನಾಗಿಯೇ ಎಣಿಸುತ್ತಿತ್ತು. ಐದು ವಾರ ಕಳೆದಾಗ ಹತ್ತೊಂಬತ್ತು ಪುಟ. ಮೊದಲು ಎರಡು ಶಬ್ದ ಕೊಟ್ಟರೆ ಸಾಕಾಗುತ್ತಿತ್ತು, ಈಗ ಅರ್ಧ ಮಾತು ಕೊಡಬೇಕು ಎಂದ. "ಹತ್ತೊಂಬತ್ತೂ ಸಾಕು. ಅರ್ಧ ಗಂಟೆ ಆಗತ್ತೆ" ಎಂದು ಅವನೇ ನನಗೆ ಸಮಾಧಾನ ಹೇಳಿದ.

ನಲವತ್ತೇಳನೇ ದಿನ ನನ್ನ ತಾಳ್ಮೆ ತಪ್ಪಿತು. ಹನ್ನೆರಡು ಪುಟ ಹಿಡಿದುಕೊಂಡು ಬಂದಿದ್ದ. ಅವನು ಅತ್ತ ಹೋದದ್ದೇ, ಅವನನ್ನು ಕೇಳದೆ ನಾನು ಎಲ್ಲರಿಗೂ ಬರೆದೆ. ಹಣ ಕೊಟ್ಟವರಿಗೆ, ಕೊಡದೆ ನೋಡಿ ಹೋದವರಿಗೆ, ಅಂಗಡಿಗೆ ಬರುವ ಗಿರಾಕಿಗಳ ಫೋನಿಗೆ. ನಾಟಕ ನಲವತ್ತೆರಡು ಪುಟ ಇತ್ತು, ಇವತ್ತು ಹನ್ನೆರಡಾಗಿದೆ, ಬೇಗ ಕೊಟ್ಟರೆ ಉಳಿದದ್ದನ್ನಾದರೂ ನೋಡಬಹುದು ಎಂದು ಬರೆದೆ. ಒಂಬತ್ತು ದಿನದಲ್ಲಿ ಪೂರ್ತಿ ತುಂಬಿತು. "ಛೆ, ಕೊಡೋಣ ಅಂದ್ಕೊಂಡು ಮರೆತೇಬಿಟ್ಟಿದ್ದೆ" ಎಂದು ಎಷ್ಟೊಂದು ಜನ ಬರೆದರು. ಎಲ್ಲರೂ ಮರೆತೇ ಇದ್ದರು, ಯಾರೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಮೂರನೇ ವಾರದಲ್ಲೇ ನೆನಪಿಸಿದ್ದರೆ ಆಗಲೇ ತುಂಬುತ್ತಿತ್ತು. ಚಿಕ್ಕಪ್ಪ ಆ ಸಂದೇಶಗಳನ್ನೆಲ್ಲ ಓದಿದ. ನನ್ನ ಮೇಲೆ ಸಿಟ್ಟಾಗಲಿಲ್ಲ. "ನಾನೇ ಗುರುತಿಸಲಿಲ್ಲ" ಎಂದ, ಅಷ್ಟೇ.

ನನ್ನ ಪಾಲಿನ ತಪ್ಪು ಇನ್ನೂ ಇತ್ತು. ಹಣ ಯಾವಾಗ ಕೈಗೆ ಬರುತ್ತದೆ ಎಂಬ ಪ್ರಶ್ನೆ ಆ ಪುಟದ ಕಟ್ಟಕಡೆಯಲ್ಲಿತ್ತು. ಚಿಕ್ಕಪ್ಪ ಅಲ್ಲಿಗೆ ತಲುಪುವ ಮೊದಲೇ, "ಇನ್ನೇನು ಉಳಿದಿಲ್ಲ, ಸಾಕು ಬಿಡು" ಎಂದು ನಾನೇ ಕಂಪ್ಯೂಟರ್ ಕಿತ್ತುಕೊಂಡಿದ್ದೆ. ಗುರಿ ಮೊದಲೇ ಮುಟ್ಟಿದರೂ ಅರವತ್ತು ದಿನ ಮುಗಿಯಲೇಬೇಕು. ಮುಗಿದ ಮೇಲೆ ಹದಿನಾಲ್ಕು ದಿನ ಬೇರೆ. ಮಂದಿರದವರು ಪೂರ್ತಿ ಹಣ ಕೈಗೆ ಬರುವ ತನಕ ದಿನ ಗೊತ್ತು ಮಾಡುವುದಿಲ್ಲ ಎಂದರು. ನನ್ನ ಕೈಯಲ್ಲೂ ಅಷ್ಟು ಇರಲಿಲ್ಲ, ಮಗಳ ಕೈಯಲ್ಲೂ ಇರಲಿಲ್ಲ.

ಆ ಹದಿನಾಲ್ಕು ದಿನದಲ್ಲಿ ಒಂದು ಸೋಮವಾರ ಚಿಕ್ಕಪ್ಪ ಬಂದು ಒಂದೇ ಒಂದು ಹಾಳೆ ಕೊಟ್ಟ. ಮುಂದಿನ ಸೋಮವಾರ ಬರಲಿಲ್ಲ. ರಾಣಿಯಮ್ಮನ ಮಗಳು ಫೋನ್ ಮಾಡಿ, "ಅಮ್ಮ ಈಗ ಸುಮ್ನೆ ಗೋಡೆ ನೋಡ್ತಾ ಕೂರ್ತಾರೆ ಅಕ್ಕ. ನಿಮ್ಮ ಚಿಕ್ಕಪ್ಪ ಬಂದು ಪಕ್ಕದಲ್ಲಿ ಕೂತು ಏನೇನೋ ಪಿಸುಗುಡ್ತಾರೆ. ಅಮ್ಮ ತಿರುಗಿ ನೋಡಲ್ಲ" ಎಂದಳು.

ಮಾತು ಕೊಟ್ಟ ಹಾಗೆ ಮಾಡಲು ಆಗದಿದ್ದರೆ ಏನು ಮಾಡಬೇಕು ಎಂದೂ ಆ ಪುಟದಲ್ಲಿ ಇತ್ತು. ಮುಚ್ಚಿಡಬೇಡಿ, ಬೇಗ ಹೇಳಿ ಎಂದಿತ್ತು. ಚಿಕ್ಕಪ್ಪ ಬರೆದುಕೊಟ್ಟ, ನಾನು ಟೈಪ್ ಮಾಡಿದೆ: "ರಾಣಿ ಮಾತಾಡದೇ ಇರಬಹುದು. ಹಣ ವಾಪಸ್ ಬೇಕಾದವರಿಗೆ ಕೊಡುತ್ತೇವೆ. ಬರುವವರು ಬನ್ನಿ." ಮೂರು ಜನ ವಾಪಸ್ ಕೇಳಿದರು. ಅವರ ತಪ್ಪೇನೂ ಇಲ್ಲ.

ಹಣ ಕೈಗೆ ಬಂದ ಮೇಲೆ ನಾಟಕವನ್ನು ಮಧ್ಯಾಹ್ನ ನಾಲ್ಕಕ್ಕೇ ಇಟ್ಟೆವು, ಅವನು ದಿನಾ ಹೋಗುವ ಹೊತ್ತು. ಮಂದಿರ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಚಿಕ್ಕಪ್ಪ ನನ್ನ ಕೈಗೆ ಪುಸ್ತಕ ಕೊಟ್ಟ. ತೆರೆದು ನೋಡಿದರೆ ಮೊಟ್ಟಮೊದಲಿನ ಪ್ರತಿ, ನಲವತ್ತೆರಡು ಪುಟದ್ದು, ಹಳೇ ಪುಸ್ತಕಗಳ ಗೀಟು, ಸೊನ್ನೆ, ಹೂವು ಎಲ್ಲವನ್ನೂ ಅದರಲ್ಲಿ ಇಳಿಸಿದ್ದ. "ನೀನು ಪಕ್ಕದಲ್ಲಿ ನಿಂತ್ಕೋ. ನಾನು ಮೇಲೆ ಇದ್ರೆ ಮರೆಯಲ್ಲಿ ಯಾರಾದ್ರೂ ಬೇಕಲ್ಲ" ಎಂದ.

ಪರದೆ ಸರಿಯಿತು. ರಾಣಿಯಮ್ಮ ಎತ್ತರದ ಕುರ್ಚಿಯಲ್ಲಿ, ರಾಣಿಯ ಉಡುಪಿನಲ್ಲಿ ಕೂತಿದ್ದರು. ಪಕ್ಕದ ಸಣ್ಣ ಮಣೆಯ ಮೇಲೆ ಚಿಕ್ಕಪ್ಪ. ಬಾಗಿ ಪಿಸುಗುಟ್ಟಿದ. ರಾಣಿಯಮ್ಮ ದೀಪ ನೋಡುತ್ತಿದ್ದರು. ಇನ್ನೊಮ್ಮೆ ಪಿಸುಗುಟ್ಟಿದ. ಮೂರನೇ ಸಲಕ್ಕೆ ರಾಣಿಯಮ್ಮ ಅವನ ಕಡೆ ತಿರುಗಿದರು. ಮಾತು ಬಂತು ಎಂದುಕೊಂಡೆ.

"ಯಾರಪ್ಪ ನೀನು?" ಎಂದರು. "ಅದೇನು ಪಿಸ ಪಿಸ ಅಂತೀಯ. ಗಟ್ಟಿಯಾಗಿ ಹೇಳು."

ಚಿಕ್ಕಪ್ಪ ಎದ್ದು ನಿಂತು ಬಾಯಿ ತೆಗೆದ. "ಬಾಗಿಲು ತೆಗೆಯಿರಿ, ನನ್ನ ಊರುಗಳು ನನ್ನನ್ನು ನೋಡಲು ಬಂದಿವೆ."

ಆ ದನಿ ಒಡೆದಿತ್ತು, ತುಕ್ಕು ಹಿಡಿದಿತ್ತು, ಆದರೆ ಹಿಂದಿನ ಗೋಡೆ ಮುಟ್ಟಿತು. ಎರಡನೇ ಮಾತಿಗೆ ನೆಟ್ಟಗಾಯಿತು. ನಲವತ್ತೆರಡು ಪುಟ, ಒಂದೂ ಬಿಡದೆ, ರಾಣಿಯ ಮಾತು ಸೇವಕನ ಮಾತು ಎರಡನ್ನೂ ಅವನೇ ಹೇಳಿದ. ಅವರು ಉಸಿರು ತೆಗೆದುಕೊಳ್ಳುತ್ತಿದ್ದ ಕಡೆ ತಾನೂ ತೆಗೆದುಕೊಂಡ. ಅವರು ಮರೆಯುತ್ತಿದ್ದ ಕಡೆ ಬೇಕೆಂದೇ ಸ್ವಲ್ಪ ನಿಂತು, ಮುಂದೆ ಹೋದ. ಪುಸ್ತಕದಲ್ಲಿ ಹೂವು ಇದ್ದ ಕಡೆಯೆಲ್ಲ ಅವನ ದನಿ ಅವರ ದನಿಯ ಹಾಗೇ ಏರಿತು. ನಾನು ಬೆರಳಿಟ್ಟುಕೊಂಡು ಸಾಲು ಹಿಡಿದಿದ್ದೆ, ಕಣ್ಣು ಮಂಜಾಗಿ ಎಷ್ಟೋ ಸಾಲು ತಪ್ಪಿದೆ. ಅವನು ತಪ್ಪಲಿಲ್ಲ. ರಾಣಿಯಮ್ಮ ಕೆನ್ನೆಗೆ ಕೈಕೊಟ್ಟು, ಮೊದಲ ಸಲ ನಾಟಕ ನೋಡಲು ಬಂದವರ ಹಾಗೆ, ಅವನ ಬಾಯಿಯನ್ನೇ ನೋಡುತ್ತಾ ಕೂತಿದ್ದರು.

ಮುಗಿದಾಗ ಮೊದಲು ಚಪ್ಪಾಳೆ ತಟ್ಟಿದ್ದು ಅವರೇ. "ಚೆನ್ನಾಗಿ ಹೇಳಿದೆ ಕಣಪ್ಪ" ಎಂದರು. ಆ ಹಳೆಯ ಗಂಟಲು, ಇಡೀ ಮಂದಿರಕ್ಕೆ ಕೇಳಿಸಿತು. "ಎಲ್ಲೂ ಮರೀಲಿಲ್ಲ. ನಾನೂ ಹಿಂದೆ ಹೀಗೆ ಹೇಳ್ತಿದ್ದೆ. ನನಗೆ ಒಬ್ರು ಹೇಳಿಕೊಡೋರು ಇದ್ರು, ಪಿಸುರಾಯರು ಅಂತ. ಈಗ ಬರೋದೇ ಇಲ್ಲ. ಎಲ್ಲಿಗೆ ಹೋದ್ರೋ, ನಿನಗೇನಾದ್ರೂ ಗೊತ್ತಾ?"

ಚಿಕ್ಕಪ್ಪ ಬಾಯಿ ತೆಗೆದ. ಮಾತು ಬರಲಿಲ್ಲ. ಅವನ ಕಣ್ಣು ಪಕ್ಕದ ಪರದೆಯ ಕಡೆ, ನನ್ನ ಕಡೆ ತಿರುಗಿತು. ಅದು ಉಸಿರು ತೆಗೆದುಕೊಳ್ಳುವವರ ಕಣ್ಣಲ್ಲ ಎಂದು ನನಗೂ ಗೊತ್ತಾಯಿತು. ನಾನು ಪುಸ್ತಕ ನೋಡಿದೆ. ಕೊನೆಯ ಪುಟದ ಆಚೆ ಏನೂ ಬರೆದಿರಲಿಲ್ಲ. ಪರದೆ ಎಳೆಯುವವನು ನನ್ನ ಮುಖ ನೋಡುತ್ತಾ ನಿಂತಿದ್ದ, ಎಳಿ ಎಂದು ಕೈ ಮಾಡಿದೆ.